ಆರು ಸಾವಿರದಲ್ಲಿ ನಾಲ್ಕು ಜನ ಗಣಪತಿಗೆ ಮುಂಬೈಗೆ ಹೋಗಿ ಬರೋದು ಆಗುತ್ತಾ?

ನವನಗರದ ಸೊಸೆ, ಬಾಗಲಕೋಟೆ (ಜುಲೈ 6, 2025)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ತೀರ್ಮಾನ ಆಗಿಬಿಟ್ಟಿದೆ, ಇನ್ನು ದಾರಿ ಹುಡುಕಬೇಕು ಅಷ್ಟೇ. ನಮ್ಮ ಅತ್ತೆ ಮೂರು ವರ್ಷದ ಹಿಂದೆ ಟಿವಿಯಲ್ಲಿ ಮುಂಬೈಯ ಲಾಲಬಾಗ್ ರಾಜ ಗಣಪತಿಯನ್ನು ನೋಡುತ್ತಾ ಕೂತಲ್ಲೇ ಹರಕೆ ಹೊತ್ತುಬಿಟ್ಟರು. ಮಗನ ಕೆಲಸ ಪರ್ಮನೆಂಟ್ ಆದರೆ ಅಲ್ಲಿಗೇ ಬಂದು ಐದು ತೆಂಗಿನಕಾಯಿ ಒಪ್ಪಿಸುತ್ತೇನೆ ಅಂತ. ಈ ಏಪ್ರಿಲ್‌ನಲ್ಲಿ ಪರ್ಮನೆಂಟ್ ಆಯಿತು. ಅವತ್ತಿನಿಂದ ದಿನಕ್ಕೊಂದು ಸಲ "ಗಣಪ್ಪನ ಸಾಲ ಇಟ್ಕೊಂಡು ಎಷ್ಟು ದಿನ ಕುಂದರ್ತೀರಿ" ಅಂತ ಕೇಳುತ್ತಾರೆ.

ಚತುರ್ಥಿ ಆಗಸ್ಟ್ 27, ಬುಧವಾರ. ನಮ್ಮದು ಒಂದೇ ದಿನದ ಗಣಪತಿ, ಅವತ್ತೇ ಸಂಜೆ ಕಳಿಸಿಬಿಡುತ್ತೇವೆ. ಮನೆಯವರಿಗೆ ಶುಕ್ರವಾರ, ಶನಿವಾರ ಎರಡೇ ದಿನ ರಜೆ. ಗುರುವಾರ ರೈಲು ಹತ್ತಿದರೆ ಶುಕ್ರವಾರ ಬೆಳಿಗ್ಗೆ ಮುಂಬೈ, ಶನಿವಾರ ರಾತ್ರಿ ವಾಪಸ್ ಹೊರಟು ಭಾನುವಾರ ಮನೆ. ನಾವಿಬ್ಬರು, ಅತ್ತೆ (66 ವರ್ಷ, ಮೊಣಕಾಲು ನೋವು), ಒಂಬತ್ತು ವರ್ಷದ ಮಗ. ರೊಕ್ಕ ಆರು ಸಾವಿರ. ಹಬ್ಬದ ಖರ್ಚು ಬೇರೆ ಇದೆ, ಇದರ ಮೇಲೆ ಆಗುವುದಿಲ್ಲ.

ಬೈಯೋದಿದ್ದರೆ ಬೈದು ಬಿಡಿ, ಆದರೆ ಜೊತೆಗೆ ಒಂದು ದಾರಿನೂ ಹೇಳಿ.

ಕರದಂಟು

ಆರು ಸಾವಿರಕ್ಕೆ ನಾಲ್ಕು ಜನ ಮುಂಬೈ! ನಮ್ಮ ಮನೆಯವಳು ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಸಂಜೆ ಬಂದರೆ ನಾಲ್ಕು ಸಾವಿರ ಕರಗಿರುತ್ತದೆ. ನಾನು ಸುಮ್ನೆ ಇಲ್ಲೇ ಕೂತು ಓದುತ್ತೇನೆ, ಯಾರಾದರೂ ದಾರಿ ಹೇಳಿದರೆ ನನಗೂ ಬೇಕು.

ಖಡೇಬಜಾರ್, ಬೆಳಗಾವಿ

ಅಕ್ಕಾರೆ, ಮುಂಬೈತನಕ ಯಾಕೆ? ಬೆಳಗಾವಿಗೆ ಬನ್ನಿ. ನಮ್ಮ ಝೆಂಡಾ ಚೌಕದ ಗಣಪತಿ ತಿಲಕರ ಕಾಲದ್ದು. ಅನಂತ ಚತುರ್ದಶಿ ದಿನ ಸಂಜೆ ಮೆರವಣಿಗೆ ಹೊರಟರೆ ಕಪಿಲೇಶ್ವರ ಹೊಂಡ ಮುಟ್ಟೋದರೊಳಗೆ ಮರುದಿನ ಬಿಸಿಲು ಏರಿರುತ್ತದೆ. ಬಸ್ಸಿನಲ್ಲಿ ಬೆಳಿಗ್ಗೆ ಬಂದು, ಕುಂದಾ ತಿಂದು, ಗಣಪತಿ ನೋಡಿ, ಮರುದಿನ ಊರು. ಆರು ಸಾವಿರದಲ್ಲಿ ಓಣಿಯವರನ್ನೂ ಕರೆದುಕೊಂಡು ಬರಬಹುದು.

ನವನಗರದ ಸೊಸೆ

ಅಣ್ಣಾ, ಬೆಳಗಾವಿ ಗಣಪತಿ ಮೇಲೆ ನಮಗೇನೂ ಸಿಟ್ಟಿಲ್ಲ. ನಾನೂ ಇದನ್ನೇ ಹೇಳಿ ನೋಡಿದೆ. "ಒಬ್ಬರ ಹತ್ರ ಸಾಲ ತಗೊಂಡು ಇನ್ನೊಬ್ಬರಿಗೆ ಕೊಡ್ತಾರೇನವಾ?" ಅಂದರು. ಮುಗಿಯಿತು.

ಸಿಂದಗಿ ಟು ಸಾಯನ್

ತಂಗೀ, ನಾನು ಮುಂಬೈಗೆ ಬಂದು 22 ವರ್ಷ ಆಯಿತು. ನಿಮ್ಮದು ಹುಚ್ಚು ಪ್ಲ್ಯಾನ್ ಅಲ್ಲ. ನೀವು ಗೊತ್ತಿಲ್ಲದೇ ಒಳ್ಳೇ ದಿನಾನೇ ಆರಿಸಿದ್ದೀರಿ. ಗಣಪತಿಗೆ ರೈಲು ತುಂಬೋದು ಮುಂಬೈಯಿಂದ ಊರ ಕಡೆಗೆ, ಅದೂ ಚತುರ್ಥಿಯ ಹಿಂದಿನ ಎರಡು ಮೂರು ದಿನ. ಆಮೇಲೆ ಐದನೇ ದಿನ, ಏಳನೇ ದಿನ ಗಣಪತಿ ಕಳಿಸಿ ಎಲ್ಲರೂ ವಾಪಸ್ ಮುಂಬೈಗೆ ಬರುತ್ತಾರೆ. ನೀವು ಜನ ಊರಲ್ಲಿರುವಾಗ ಇಲ್ಲಿಗೆ ಬರುತ್ತೀರಿ, ಜನ ಇಲ್ಲಿಗೆ ತಿರುಗೋದರೊಳಗೆ ಊರಿಗೆ ಹೋಗಿರುತ್ತೀರಿ. ಪ್ರತಿ ವರ್ಷ ನಮ್ಮ ಕಡೆಯವರು ಎರಡನೇ ಶನಿವಾರ ಬಂದು ಒದ್ದಾಡುತ್ತಾರೆ, ನೋಡಿ ನೋಡಿ ಸಾಕಾಗಿದೆ.

ರೈಲು ಹೊಸಪೇಟೆ–ಮುಂಬೈ ಎಕ್ಸ್‌ಪ್ರೆಸ್ಸೇ ಹಿಡಿಯಿರಿ. ಬಾದಾಮಿ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ಮೇಲೆ ಬರುತ್ತದೆ. ಸ್ಲೀಪರ್‌ಗೆ ಒಬ್ಬರಿಗೆ ನಾನೂರರ ಆಸುಪಾಸು. ಮಗನಿಗೆ ಅರ್ಧ ಟಿಕೆಟ್ ತೆಗೆದರೆ ಬರ್ತ್ ಕೊಡುವುದಿಲ್ಲ, ಬರ್ತ್ ಬೇಕೆಂದರೆ ಪೂರ್ತಿ ದುಡ್ಡು. ಪೂರ್ತಿ ಕೊಟ್ಟುಬಿಡಿ, ಮಲಗದ ಹುಡುಗನನ್ನು ಮುಂಬೈಯಲ್ಲಿ ಎಳೆದಾಡೋದು ಬೇಡ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬುಕ್ಕಿಂಗ್ 60 ದಿನ ಮೊದಲು ಓಪನ್ ಆಗುತ್ತದೆ, ಅಂದರೆ ನಿಮ್ಮ ರೈಲಿನದು ಆಗಿ ವಾರ ಆಯಿತು. ಇದನ್ನು ಓದಿದ ತಕ್ಷಣ ಫೋನು ಕೆಳಗಿಟ್ಟು ಟಿಕೆಟ್ ಮಾಡಿಸಿ. ತತ್ಕಾಲ್ ನಂಬಿ ಕೂರಬೇಡಿ, ಈ ತಿಂಗಳಿನಿಂದ ಅದಕ್ಕೆ ಆಧಾರ್ ಜೋಡಣೆ ಬೇರೆ ಕಡ್ಡಾಯ.

ಸಿಎಸ್‌ಎಂಟಿ (ರೈಲಿನ ಕೊನೆಯ ಸ್ಟೇಷನ್ನು) ತನಕ ಹೋಗಬೇಡಿ, ದಾದರ್‌ನಲ್ಲಿ ಇಳಿಯಿರಿ. ಅಲ್ಲಿಂದ ಲಾಲಬಾಗ್‌ಗೆ ಸ್ಲೋ ಲೋಕಲ್‌ನಲ್ಲಿ ಎರಡನೇ ಸ್ಟೇಷನ್ನು ಕರಿ ರೋಡ್. ಟಿಕೆಟ್ ಐದು ರೂಪಾಯಿ. ಫಾಸ್ಟ್ ಹತ್ತಿದರೆ ಅದು ಕರಿ ರೋಡ್‌ನಲ್ಲಿ ನಿಲ್ಲುವುದಿಲ್ಲ, ಸೀದಾ ಭಾಯಖಳಾಕ್ಕೆ ಹೋಗಿ ಇಳಿಯುತ್ತೀರಿ. ದಾದರ್, ಲಾಲಬಾಗ್ ಕಡೆ ಆಟೋ ಸಿಗಲ್ಲ, ಹುಡುಕಬೇಡಿ. ಸಾಯನ್, ಬಾಂದ್ರಾ ದಾಟಿ ಈಚೆ ಬರೋಕೆ ಆಟೋಗೆ ಪರವಾನಗಿ ಇಲ್ಲ. ಟ್ಯಾಕ್ಸಿ ಮೀಟರ್ 31 ರೂಪಾಯಿಯಿಂದ ಶುರು. ನಾಲ್ಕು ಜನ ಇದ್ದರೆ ಹತ್ತಿರದ ದಾರಿಗೆ ಅದೇನೂ ದುಬಾರಿ ಅಲ್ಲ.

ಇನ್ನು ಲೈನಿನ ವಿಷಯ. ಲಾಲಬಾಗ್‌ನಲ್ಲಿ ಎರಡು ಲೈನು. ಒಂದು ನವಸಾಚಿ, ಅಂದರೆ ಹರಕೆಯವರದು, ಪಾದ ಮುಟ್ಟಿ ಬರಬಹುದು. ಇನ್ನೊಂದು ಮುಖದರ್ಶನ, ಸ್ವಲ್ಪ ದೂರದಿಂದ ನೋಡಿ ಹೊರಡೋದು. ನಿಮ್ಮ ಅತ್ತೆಯನ್ನು ನವಸಾಚಿ ಲೈನಿಗೆ ನಿಲ್ಲಿಸಬೇಡಿ. ರಶ್ ಇದ್ದರೆ ಅದು ಒಂದು ಪೂರ್ತಿ ದಿನ ಮೀರುತ್ತದೆ. ನಿಮ್ಮ ಹತ್ತಿರ ಇರೋದೇ ನಲವತ್ತು ಗಂಟೆ.

ನವನಗರದ ಸೊಸೆ

ಕಾಕಾ, ಓದಿದ ಕೂಡಲೇ ಮಾಡಿಸಿದೆ. ಬರೋದು ನಾಲ್ಕೂ ಕನ್ಫರ್ಮ್. ಹೋಗೋದು ಎರಡು ಕನ್ಫರ್ಮ್, ಎರಡು ಆರ್‌ಎಸಿ (ಸದ್ಯಕ್ಕೆ ಕೂರೋ ಸೀಟು ಮಾತ್ರ). ಎಲ್ಲಾ ಸೇರಿ 3,200ರ ಹತ್ತಿರ ಆಯಿತು. ಅರ್ಧ ಬಜೆಟ್ ರೈಲಿಗೇ ಹೋಯಿತು, ಈಗ ಹಿಂದೆ ಸರಿಯೋ ಹಾಗಿಲ್ಲ. ಆದರೆ ಹರಕೆ ಹೊತ್ತವರನ್ನು ಹರಕೆ ಲೈನು ಬಿಡಿಸಿ ಮುಖದರ್ಶನಕ್ಕೆ ನಿಲ್ಲಿಸೋದು ಹೇಗೆ? ಇದನ್ನು ಅತ್ತೆಗೆ ಹೇಳೋರು ಯಾರು?

ಬಾಗೇವಾಡಿ ಮಾಸ್ತರ

ನಾನು ನಿಮ್ಮ ಅತ್ತೆಯವರ ಪರ. ಹರಕೆ ಅಂದರೆ ಅನುಕೂಲ ನೋಡಿ ತೀರಿಸೋದಲ್ಲ. ಯಲ್ಲಮ್ಮನ ಗುಡ್ಡಕ್ಕೆ ನಡೆದು ಬರುತ್ತೇನೆ ಅಂದವರು ಟಂಟಂ ಹತ್ತಿ ಹೋಗಿ ನಡೆದೆ ಅನ್ನಲು ಬರುತ್ತದೆಯೇ? ಹೋಗದಿದ್ದರೂ ಸರಿ, ಹೋದರೆ ಸರಿಯಾಗಿ ಹೋಗಿ.

ಜಮಖಂಡಿ ಅಕ್ಕ

ಮಾಸ್ತರ, ನೀವು ಯಾವತ್ತಾದರೂ ಆ ಲೈನಿನಲ್ಲಿ ನಿಂತಿದ್ದೀರಾ? ನಾನು ನಿಂತಿದ್ದೇನೆ, 2023ರಲ್ಲಿ. ಹದಿನೇಳು ಗಂಟೆ. ಕೊನೆಗೆ ಪಾದ ಮುಟ್ಟಿದೆನೋ ಇಲ್ಲವೋ ನನಗೇ ಗೊತ್ತಿಲ್ಲ, ಹಿಂದಿನಿಂದ ತಳ್ಳಿದರು, ಮುಂದಿನಿಂದ ಎಳೆದರು, ಕಣ್ಣು ಬಿಟ್ಟರೆ ಹೊರಗಿದ್ದೆ. ಆಮೇಲೆ ಒಂದು ವಾರ ಕಾಲು ಬಾತಿದ್ದವು. ಮೊಣಕಾಲು ನೋವಿರುವ ಹಿರಿಯರನ್ನು ಅಲ್ಲಿ ನಿಲ್ಲಿಸಿ ಅಂತ ಇಲ್ಲಿ ಕೂತು ಹೇಳೋದು ಸುಲಭ.

ಸೊಸೆಗೆ ಇನ್ನೊಂದು ಮಾತು. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣರ) ಗಣಪತಿ ಐದೇ ದಿನ ಇರೋದು. ನಾವು ಎಂಟನೇ ದಿನ ಹೋಗಿ ಬರೀ ಬೊಂಬು, ತಗಡು ಬಿಚ್ಚೋದನ್ನು ನೋಡಿ ಬಂದೆವು. ಯಾರನ್ನೂ ಬೈಯೋ ಹಾಗಿಲ್ಲ, ನಾವೇ ಕೇಳಿರಲಿಲ್ಲ. ನಿಮ್ಮದು ಮೂರನೇ ದಿನ, ಸಿಗುತ್ತದೆ, ಬಿಡಬೇಡಿ. ಅಲ್ಲಿ ಲೈನು ನೆಟ್ಟಗಿದೆ, ಕನ್ನಡ, ಕೊಂಕಣಿ ಮಾತಾಡುವವರು ಸಿಗುತ್ತಾರೆ, ಹಿರಿಯರಿಗೆ ಭಾಳ ತ್ರಾಸಾಗುವುದಿಲ್ಲ.

ಬಾಗೇವಾಡಿ ಮಾಸ್ತರ

ಹದಿನೇಳು ಗಂಟೆ ಅಂತ ಗೊತ್ತಿರಲಿಲ್ಲ ತಾಯಿ. ಆದರೂ ಮಾತು ಮಾತೇ ಅಲ್ವಾ?

ಸಿಂದಗಿ ಟು ಸಾಯನ್

ಮಾಸ್ತರ್ರೀ, ಲಾಲಬಾಗ್ ರಾಜನ ಕತೆಯೇ ಒಂದು ಹರಕೆಯ ಕತೆ. 1932ರಲ್ಲಿ ಅಲ್ಲಿನ ಪೇರು ಚಾಳಿನ ಮಾರ್ಕೆಟ್ ಮುಚ್ಚಿತು. ಮೀನು ಮಾರುವವರು, ಸಣ್ಣ ವ್ಯಾಪಾರದವರು ಬಯಲಲ್ಲಿ ಕೂತು ವ್ಯಾಪಾರ ಮಾಡಬೇಕಾಯಿತು. ನಮಗೊಂದು ಕಾಯಂ ಜಾಗ ಸಿಕ್ಕರೆ ಗಣಪತಿ ಕೂರಿಸುತ್ತೇವೆ ಅಂತ ಬೇಡಿಕೊಂಡರು. ಜಾಗ ಸಿಕ್ಕಿತು, 1934ರಲ್ಲಿ ಕೂರಿಸಿದರು. ಹರಕೆ ತೀರಿಸಲಿಕ್ಕೆ ಅವರು ಯಾವ ಲೈನಿನಲ್ಲೂ ನಿಂತಿರಲಿಲ್ಲ. ಇದನ್ನು ಅತ್ತೆಗೆ ಹೇಳಿ ನೋಡಿ.

ಬುತ್ತಿ ಕಟ್ಟಿಕೊಂಡು ಬನ್ನಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎರಡು ದಿನ ಏನೂ ಆಗಲ್ಲ. ಬಿಸಿ ಬೇಕು ಅನಿಸಿದರೆ ಮಾಟುಂಗಾ ಸ್ಟೇಷನ್ ಪಕ್ಕ ಉಡುಪಿ ಹೋಟೆಲುಗಳಿವೆ. ರಾಮಾ ನಾಯಕರ ಬಾಳೆಎಲೆ ಊಟ 1942ರಿಂದ ನಡೆಯುತ್ತಿದೆ. ರೂಮಿಗೆ ಈಗಲೇ ಫೋನ್ ಮಾಡಿ ಇಟ್ಟುಕೊಳ್ಳಿ, ತೊಂದರೆಯಾದರೆ ನನಗೆ ಇಲ್ಲೇ ಮೆಸೇಜ್ ಹಾಕಿ.

ಕರದಂಟು

ಕಾಕಾ ಇಷ್ಟು ಹೇಳಿದ ಮೇಲೆ ನನಗೂ ಹೋಗಬೇಕು ಅನಿಸುತ್ತಿದೆ. ಮನೆಯವಳಿಗೆ ಹೇಳಿದೆ. "ಹುಬ್ಬಳ್ಳಿಗೆ ಕರ್ಕೊಂಡು ಹೋಗ್ರಿ ಸಾಕು" ಅಂದಳು.

ನವನಗರದ ಸೊಸೆ (ಸೆಪ್ಟೆಂಬರ್ 1)

ಹೋಗಿ ಬಂದೆವು! ನಿನ್ನೆ ಬೆಳಿಗ್ಗೆ ಇಳಿದೆವು. ಬಟ್ಟೆ ಇನ್ನೂ ನೆನೆ ಹಾಕಿಲ್ಲ, ಮೊದಲು ಇಲ್ಲಿ ಬರೆಯೋಣ ಅಂತ ಕೂತೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಗುರುವಾರ ರೈಲು ಹತ್ತುವಾಗಲೇ ಮೊದಲ ಜಗಳ. ಐದು ತೆಂಗಿನಕಾಯಿ, ಅದೂ ಸಿಪ್ಪೆ ಪೂರ್ತಿ ಸುಲಿಯದೇ, ಜುಟ್ಟು ಬಿಟ್ಟು, ಒಂದು ಕೈಚೀಲದಲ್ಲಿ. "ಅಲ್ಲೇ ಸಿಗ್ತಾವಲ್ಲ ಅತ್ತೆ" ಅಂದೆ. "ಅಲ್ಲಿ ಕಾಯಿ ಅಲ್ಲಿದು, ನಾ ಬೇಡ್ಕೊಂಡಿದ್ದು ಇಲ್ಲಿ ಕೂತು" ಅಂದರು. ಆರ್‌ಎಸಿ ಎರಡೂ ವಿಜಯಪುರ ದಾಟೋದರೊಳಗೆ ಕನ್ಫರ್ಮ್ ಆದವು. ಬೋಗಿಯಲ್ಲಿ ಮುಕ್ಕಾಲು ಜನ ಮುಂಬೈಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವರೇ. ರಾತ್ರಿ ಒಬ್ಬೊಬ್ಬರು ಒಂದೊಂದು ಡಬ್ಬಿ ಬಿಚ್ಚಿದರು, ನಮ್ಮ ರೊಟ್ಟಿಗೆ ಇನ್ಯಾರದೋ ಮನೆಯ ಅಗಸಿ ಚಟ್ನಿ ಬಂತು.

ದಾದರ್‌ನಲ್ಲಿ ಇಳಿದಾಗ ಇನ್ನೂ ಕತ್ತಲು, ಮಳೆ. ನಾನು ಜುಲೈನಲ್ಲೇ ಫೋನಲ್ಲಿ ಮಾತಾಡಿ ಇಟ್ಟಿದ್ದ ಲಾಡ್ಜಿಗೆ ಹೋದರೆ ಕೌಂಟರಿನವನು ರೇಟು ಡಬಲ್ ಹೇಳಿದ. ಗಣಪತಿ ಸೀಸನ್ ಅಂತೆ. ಫೋನಲ್ಲಿ ಯಾರು ಮಾತಾಡಿದರೋ ಅವರನ್ನೇ ಕೇಳಿ ಅಂದ. ಮುಂಗಡ ಕೊಟ್ಟಿರಲಿಲ್ಲ, ಅದೊಂದು ಪುಣ್ಯ. ಅತ್ತೆ ಮೆಟ್ಟಿಲ ಮೇಲೆ ಕಾಯಿ ಚೀಲ ಇಟ್ಟುಕೊಂಡು ಕೂತಿದ್ದಾರೆ, ಮಗ ನಿಂತಲ್ಲೇ ತೂಕಡಿಸುತ್ತಿದ್ದಾನೆ, ಮನೆಯವರು ನನ್ನ ಮುಖ ನೋಡುತ್ತಿದ್ದಾರೆ. ಕಾಕಾಗೆ ಮೆಸೇಜ್ ಹಾಕಿದೆ. ಬೆಳಿಗ್ಗೆ ಐದೂವರೆಗೆ ಯಾರು ಎದ್ದಿರುತ್ತಾರೆ ಅಂದುಕೊಂಡರೆ ಎರಡೇ ನಿಮಿಷದಲ್ಲಿ ಉತ್ತರ. ಮಾಟುಂಗಾದಲ್ಲಿ ಅವರ ಪರಿಚಯದವರ ರೂಮು, 1,400. ಕಾಕಾ, ನಿಮ್ಮ ಉಪಕಾರ ಮರೆಯಲ್ಲ.

ಸ್ನಾನ ಮಾಡಿ, ಇಡ್ಲಿ ತಿಂದು ಕಿಂಗ್ಸ್ ಸರ್ಕಲ್‌ಗೆ ನಡೆದೇ ಹೋದೆವು. ಜಮಖಂಡಿ ಅಕ್ಕ ಹೇಳಿದ್ದು ಸರಿ, ಮುಕ್ಕಾಲು ಗಂಟೆಯಲ್ಲಿ ದರ್ಶನ. ಮಣ್ಣಿನ ಗಣಪತಿ, ಮೈತುಂಬ ಬಂಗಾರ. 1955ರಿಂದ ಕೂರಿಸುತ್ತಿದ್ದಾರಂತೆ. ಈ ಸಲ 474 ಕೋಟಿಯ ವಿಮೆ ಮಾಡಿಸಿದ್ದಾರೆ ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದನ್ನು ನಮ್ಮವರು ಅತ್ತೆಗೆ ಹೇಳಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ವಿಘ್ನ ಕಾಯವಂಗ ವಿಮೆ ಯಾಕ?" ಅಂದರು. ಹಿಂದಿದ್ದ ಹೆಂಗಸರಿಗೆ ಕನ್ನಡ ಬರುತ್ತಿತ್ತು, ಅವರೂ ನಕ್ಕರು.

ಮಧ್ಯಾಹ್ನ ಎಲ್ಲರನ್ನೂ ಬಲವಂತವಾಗಿ ಮಲಗಿಸಿದೆ. ಯಾರಾದರೂ ಎರಡು ದಿನಕ್ಕೆ ಹೋಗುವವರಿದ್ದರೆ ಇದೊಂದನ್ನು ತಪ್ಪಿಸಬೇಡಿ. ಹಗಲು ಮಲಗದಿದ್ದರೆ ರಾತ್ರಿ ಲೈನಿನಲ್ಲಿ ನಿಲ್ಲೋಕೆ ಆಗಲ್ಲ.

ಸಂಜೆ ಏಳಕ್ಕೆ ಕರಿ ರೋಡ್‌ನಲ್ಲಿ ಇಳಿದೆವು. ಮೊದಲು ಗಣೇಶ ಗಲ್ಲಿ. 1928ರಿಂದ ಇರುವ ಮಂಡಳಿ, ಪ್ರತಿ ವರ್ಷ ಯಾವುದಾದರೂ ದೊಡ್ಡ ದೇವಸ್ಥಾನದ ಹಾಗೆ ಪೆಂಡಾಲ್ ಕಟ್ಟುತ್ತಾರೆ. ಮಗನಿಗೆ ಇಡೀ ಮುಂಬೈಯಲ್ಲಿ ಇಷ್ಟವಾದದ್ದು ಅದೇ. ಆಮೇಲೆ ದಾರಿ ತಪ್ಪಿ ಲಾಲಬಾಗ್‌ನ ಮಸಾಲೆ ಅಂಗಡಿಗಳ ಸಾಲಿಗೆ ಹೋಗಿಬಿಟ್ಟೆವು. ಗೋಣಿಚೀಲದ ಬಾಯಿ ಮಡಚಿ ಮೆಣಸಿನಕಾಯಿ ಗುಡ್ಡೆ ಹಾಕಿದ್ದಾರೆ, ಒಳಗೆ ಮಷಿನ್ನಿನ ಒನಕೆ ಧಡ್ ಧಡ್ ಅಂತ ಕುಟ್ಟುತ್ತಿದೆ, ಎಲ್ಲರಿಗೂ ಸೀನು. ಅತ್ತೆ ಒಂದು ಗುಡ್ಡೆ ಮುಂದೆ ನಿಂತರು. ಒಂದು ಕಾಯಿ ಎತ್ತಿ, ತೊಟ್ಟು ಮುರಿದು, ಮೂಸಿ, ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದರು. "ಬ್ಯಾಡಗಿ" ಅಂದರು. ಅಂಗಡಿಯವನೂ "ಬ್ಯಾಡಗಿ, ಬ್ಯಾಡಗಿ" ಅಂದ. ಇಬ್ಬರಿಗೂ ಇನ್ನೊಬ್ಬರ ಭಾಷೆ ಒಂದಕ್ಷರ ಬರಲ್ಲ. ಹತ್ತು ನಿಮಿಷ ಮಾತಾಡಿದರು, ಅವನು ಮರಾಠಿ, ಇವರು ಕನ್ನಡ. ಕೊನೆಗೆ ರೇಟು ಕೇಳಿ, "ನಮ್ಮ ಮೆಣಸಿನಕಾಯಿ ನಮಗ ಇಷ್ಟು ರೊಕ್ಕಕ್ಕ ಮಾರ್ತಾನ" ಅಂತ ಕಾಯಿ ವಾಪಸ್ ಇಟ್ಟು ನಡೆದರು. ಪಕ್ಕದ ಚಿವಡಾ ಗಲ್ಲಿಯಲ್ಲಿ ಮಾತ್ರ 240 ರೂಪಾಯಿ ಚಿವಡಾ ಆಯಿತು. ಬೇಡ ಅನ್ನೋಕೆ ನನಗೂ ಬಾಯಿ ಬರಲಿಲ್ಲ, ಬಿಸಿಬಿಸಿ ಕರಿಯುತ್ತಿದ್ದರು.

ಈಗ ಲೈನು. ಮಾಸ್ತರ್ರೇ, ಕೇಳಿ. ಪೇರು ಚಾಳಿನ ಕತೆಯನ್ನು ನಾನು ಅತ್ತೆಗೆ ರೈಲಿನಲ್ಲೇ ಹೇಳಿದ್ದೆ, ಒಪ್ಪಿರಲಿಲ್ಲ. ನವಸಾಚಿ ಲೈನಿನ ಹತ್ತಿರ ಹೋಗಿ ಅವರೇ ನೋಡಿದರು. ಅಲ್ಲಿ ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು, ಬೆಳಿಗ್ಗೆ ನಾಲ್ಕಕ್ಕೆ ಬಂದದ್ದಂತೆ, ಆಗ ರಾತ್ರಿ ಹತ್ತು. ಅತ್ತೆ ಅವಳ ಕಾಲು ನೋಡಿದರು, ತಮ್ಮ ಕಾಲು ನೋಡಿಕೊಂಡರು. "ನಡೀರಿ, ಆ ಕಡೆ" ಅಂದರು. ನಾನು ಒಂದು ಮಾತೂ ಹೇಳಿಲ್ಲ.

ಮುಖದರ್ಶನಕ್ಕೆ ನಿಂತದ್ದು ರಾತ್ರಿ ಹತ್ತೂಕಾಲು. ಮುಟ್ಟಿದ್ದು ಬೆಳಗಿನ ಜಾವ ನಾಲ್ಕೂವರೆ. ಲೈನು ಹತ್ತು ಹೆಜ್ಜೆ ಹೋಗುತ್ತದೆ, ಅರ್ಧ ಗಂಟೆ ನಿಲ್ಲುತ್ತದೆ. ಅತ್ತೆ ಪೇಪರ್ ಮಡಚಿ ಹಾಸಿಕೊಂಡು ಕೂರೋದು, ಲೈನು ಸರಿದರೆ ಏಳೋದು, ಮತ್ತೆ ಹಾಸೋದು. ಮಗ ಅಪ್ಪನ ಹೆಗಲ ಮೇಲೆ ಸತ್ತ ಹಾಗೆ ನಿದ್ದೆ. ನಾನು ಕಾಯಿ ಚೀಲ ಹೊತ್ತಿದ್ದೆ, ಎರಡು ಗಂಟೆ ಆಗೋ ಹೊತ್ತಿಗೆ ಆ ಜುಟ್ಟುಗಳ ಮೇಲೆ ನನಗೆ ಎಂಥ ಸಿಟ್ಟು ಅಂದರೆ, ಹೇಳೋದು ಬೇಡ.

ದರ್ಶನ ಎಷ್ಟು ಹೊತ್ತು? ಮೂರು ಸೆಕೆಂಡು ಇರಬಹುದು. "ಚಲಾ, ಚಲಾ, ಪುಢೇ ಚಲಾ." ಅತ್ತೆ ಕೈ ಮುಗಿದು ಕಣ್ಣು ಮುಚ್ಚಿದರು. ಕಣ್ಣು ತೆರೆಯೋದರೊಳಗೆ ಜನ ಅವರನ್ನು ದಾಟಿಸಿಬಿಟ್ಟಿದ್ದರು. ಹೊರಗೆ ಬಂದು ನನ್ನ ಕೈ ಹಿಡಿದು, "ನೀ ನೋಡಿದೇನು? ಹೆಂಗಿದ್ದ?" ಅಂತ ಕೇಳಿದರು. ಕಾಯಿ ಕೊಡೋದಂತೂ ದೂರದ ಮಾತು, ಆ ಲೈನಿನಿಂದ ಹತ್ತಿರಕ್ಕೇ ಬಿಡಲ್ಲ. ಐದೂ ಕಾಯಿ ಚೀಲದಲ್ಲೇ.

ಕಾಫಿ ಹೊತ್ತಾಯಿತು, ಉಳಿದದ್ದು ಆಮೇಲೆ.

ಕರದಂಟು

ಅಕ್ಕಾರೆ, ಇಲ್ಲಿ ನಿಲ್ಲಿಸಬೇಡಿ! ಕಾಯಿ ಏನಾದವು?

ಬಾಗೇವಾಡಿ ಮಾಸ್ತರ

ಅವರೇ ನೋಡಿ ಅವರೇ ತೀರ್ಮಾನ ಮಾಡಿದರಲ್ಲ, ನನ್ನ ತಕರಾರು ವಾಪಸ್. ಮುಂದೆ ಹೇಳಿ.

ನವನಗರದ ಸೊಸೆ

ಶನಿವಾರ ಹತ್ತರತನಕ ಮಲಗಿ, ರೂಮು ಖಾಲಿ ಮಾಡಿ, ಚೀಲಗಳನ್ನು ಅಲ್ಲೇ ಇಟ್ಟು (ಕಾಯಿ ಚೀಲ ಬಿಟ್ಟು!) ಗಿರಗಾಂವಕ್ಕೆ ಹೊರಟೆವು. ದಾದರ್‌ನಿಂದ ಚರ್ನಿ ರೋಡ್. ನಾನು, ಅತ್ತೆ, ಮಗ ಲೇಡೀಸ್ ಡಬ್ಬಿ ಹತ್ತಿದೆವು. ಮನೆಯವರು ಓಡಿ ಪಕ್ಕದ ಡಬ್ಬಿ ಹತ್ತಿದರು. ಅದು ಫಸ್ಟ್ ಕ್ಲಾಸು. ಹೊರಗೆ ಪಟ್ಟೆ ಗುರುತು ಇರುತ್ತದೆ, ಆತುರದಲ್ಲಿ ಯಾರು ನೋಡುತ್ತಾರೆ? ಇಳಿಯುವಾಗ ಟಿಸಿ ಹಿಡಿದ. ದಂಡ 250, ಮೇಲೆ ಟಿಕೆಟ್ಟಿನ ವ್ಯತ್ಯಾಸ, ಒಟ್ಟು 290 ಹೋಯಿತು. ತಪ್ಪು ನಮ್ಮದೇ. ಆದರೂ "ಖಾಲಿ ಇತ್ತು, ಅದಕ್ಕೇ ಹತ್ತಿದೆ" ಅಂದರಲ್ಲ ನಮ್ಮವರು, ಮುಂಬೈ ಲೋಕಲ್‌ನಲ್ಲಿ ಡಬ್ಬಿ ಖಾಲಿ ಇದೆ ಅಂದರೇ ಅನುಮಾನ ಬರಬೇಕಲ್ವಾ?

ಗಿರಗಾಂವಕ್ಕೆ ಯಾಕೆ ಹೋದೆವು ಅಂದರೆ, ರೂಮಿನವರು ಕೇಶವಜಿ ನಾಯಕ್ ಚಾಳಿನ ಗಣಪತಿ ನೋಡಿಕೊಂಡು ಹೋಗಿ ಅಂದಿದ್ದರು. 1893ರದ್ದು, ತಿಲಕರು ಸಾರ್ವಜನಿಕ ಗಣಪತಿ ಕೂರಿಸಿ ಅಂತ ಹೇಳಿದ ಕಾಲದ್ದು, ಮುಂಬೈಯಲ್ಲೇ ಮೊದಲನೆಯದು. ಪೆಂಡಾಲ್ ದೊಡ್ಡದಿರುತ್ತದೆ ಅಂದುಕೊಂಡು ಹೋದರೆ, ಮರದ ಕಟಕಟೆಯ ಹಳೇ ಚಾಳು, ನಡುವೆ ಅಂಗಳ, ಅಲ್ಲಿ ನಮ್ಮ ಮನೆಯದರಷ್ಟೇ ಸಣ್ಣ ಮಣ್ಣಿನ ಗಣಪತಿ. ನೂಕಿಲ್ಲ, ಕೂಗಿಲ್ಲ. ಮೇಲಿನ ಮನೆಯ ಕಟಕಟೆಗೆ ಸೀರೆ ಒಣಹಾಕಿದ್ದಾರೆ. ಯಾರೂ ಚಲಾ ಅನ್ನಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಕೂತರು. ಕಾಲು ಚಾಚಿದರು. ಅರ್ಧ ಗಂಟೆ ಎದ್ದೇಳಲಿಲ್ಲ.

ಆಮೇಲೆ ತಾವಾಗಿಯೇ ಚೀಲ ಕೇಳಿದರು. ಎರಡು ಕಾಯಿ ತೆಗೆದರು. ಅಲ್ಲಿ ಒಬ್ಬ ಹಿರಿಯ ಹೆಂಗಸು ಬಂದು, ಏನೂ ಕೇಳದೇ, ಕಾಯಿ ಒಡೆಸಿಕೊಂಡು ಬಂದು ಒಂದು ಹೋಳು ಅತ್ತೆ ಕೈಗೆ ಕೊಟ್ಟರು. "ಮೂರು ಅವಂದು ಇರ್ಲಿ, ಎರಡು ಇವಂಗ" ಅಂದರು ಅತ್ತೆ. ನಾನು ಲೆಕ್ಕ ಕೇಳಲು ಹೋಗಲಿಲ್ಲ.

ವಾಪಸ್ಸಿನದು ಬೇಗ ಹೇಳಿಬಿಡುತ್ತೇನೆ. ಶುಕ್ರವಾರದಿಂದಲೇ ಆಜಾದ್ ಮೈದಾನದಲ್ಲಿ ಮರಾಠಾ ಮೀಸಲಾತಿ ಹೋರಾಟ, ಸಿಎಸ್‌ಎಂಟಿ ಪ್ಲಾಟ್‌ಫಾರಂ ತುಂಬಾ ಜನ ಇದ್ದಾರೆ ಅಂತ ಕಾಕಾ ಶುಕ್ರವಾರ ಸಂಜೆಯೇ ಹೇಳಿದ್ದರು. ಆವಾಗಲೇ ಬೋರ್ಡಿಂಗ್ ದಾದರ್‌ಗೆ ಬದಲಾಯಿಸಿದ್ದೆವು. ದಾದರ್‌ನಲ್ಲಿ ಆರಾಮವಾಗಿ ಹತ್ತಿದೆವು. ಹತ್ತಿದ್ದಷ್ಟೇ ಗೊತ್ತು, ಕಣ್ಣು ಬಿಟ್ಟಾಗ ವಿಜಯಪುರ ಬರೋದರಲ್ಲಿತ್ತು.

ಲೆಕ್ಕ: ರೈಲು 3,200, ರೂಮು 1,400, ತಿಂಡಿ ಊಟ 1,050, ಲೋಕಲ್ಲು ಟ್ಯಾಕ್ಸಿ 380, ದಂಡ 290, ಚಿವಡಾ 240. ಒಟ್ಟು 6,560. ಆ ದಂಡ, ಚಿವಡಾ ಬಿಟ್ಟರೆ ಆರು ಸಾವಿರದ ಮೂವತ್ತು. ಬಜೆಟ್ ದಾಟಿದ್ದು ಮನೆಯವರ ಫಸ್ಟ್ ಕ್ಲಾಸಿನಿಂದ ಅಂತ ನಾನು, ಚಿವಡಾದಿಂದ ಅಂತ ಅವರು. ಇನ್ನೂ ನಡೆದಿದೆ.

ಜಮಖಂಡಿ ಅಕ್ಕ

ಓದಿ ಕಣ್ಣು ತುಂಬಿ ಬಂತು, ಆಮೇಲೆ ಚಿವಡಾ ಲೆಕ್ಕಕ್ಕೆ ನಗು ಬಂತು. ಮುಂಬೈಗೆ ನಾಲ್ಕು ಸಲ ಹೋಗಿದ್ದೇನೆ, ಆ ಚಾಳಿನ ಗಣಪತಿ ನೋಡೇ ಇಲ್ಲ.

ಖಡೇಬಜಾರ್, ಬೆಳಗಾವಿ

ಎಲ್ಲಾ ಸರಿ ಅಕ್ಕಾ, ಆದರೆ ಅತ್ತೆ ಸಾಲ ಒಬ್ಬರದು, ಕೊಟ್ಟದ್ದು ಇನ್ನೊಬ್ಬರಿಗೆ ಆಯಿತಲ್ಲ? ಹಾಗಾದರೆ ಬೆಳಗಾವಿಯಲ್ಲೇ ಕೊಡಬಹುದಿತ್ತು! ತಮಾಷೆಗೆ ಅಂದೆ, ಸಿಟ್ಟಾಗಬೇಡಿ.

ಬಾಗೇವಾಡಿ ಮಾಸ್ತರ

ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಲಾಲಬಾಗ್‌ನವನು 1934ರವನು, ಗಿರಗಾಂವದವನು 1893ರವನು. ತಮ್ಮನಿಗೆ ಕೊಡಬೇಕಾದ್ದನ್ನು ಅಣ್ಣನ ಕೈಗೆ ಕೊಟ್ಟು ಬಂದಿದ್ದಾರೆ. ನಮ್ಮ ಕಡೆ ಅದು ನಡೆಯುತ್ತದೆ.

ಖಡೇಬಜಾರ್, ಬೆಳಗಾವಿ

ಮಾಸ್ತರ್ರೀ, ಎರಡು ತಿಂಗಳ ಹಿಂದೆ ಟಂಟಂ ಅಂತಿದ್ದಿರಿ!

ಸಿಂದಗಿ ಟು ಸಾಯನ್ (ಸೆಪ್ಟೆಂಬರ್ 8)

ತಂಗೀ, ನೀವು ಬೇಗ ಬಂದು ಹೋದದ್ದೇ ಒಳ್ಳೆಯದಾಯಿತು. ವಿಸರ್ಜನೆಗೆ ಅಂತ ಬಂದ ನಮ್ಮೂರ ಹುಡುಗರು ಇನ್ನೂ ನಮ್ಮ ಮನೆಯಲ್ಲೇ ಬಿದ್ದುಕೊಂಡಿದ್ದಾರೆ. ಶನಿವಾರ 6ನೇ ತಾರೀಖು ಹೊರಟ ಲಾಲಬಾಗ್ ರಾಜ ಭಾನುವಾರ ಬೆಳಿಗ್ಗೆ ಗಿರಗಾಂವ ಚೌಪಾಟಿ ಮುಟ್ಟಿದ. ಅಲ್ಲಿ ನೋಡಿದರೆ ಸಮುದ್ರ ಉಕ್ಕಿದೆ, ಮೂರ್ತಿಯನ್ನು ತೆಪ್ಪಕ್ಕೆ ಏರಿಸೋಕೆ ಆಗುತ್ತಿಲ್ಲ. ನೀರು ಇಳಿಯೋತನಕ ಇಡೀ ಹಗಲು ಕಾದು, ರಾತ್ರಿ ಕಳಿಸಿದರು. ಮೂವತ್ತು ಗಂಟೆಗೂ ಜಾಸ್ತಿ. ಹುಡುಗರು ಭಾನುವಾರ ರಾತ್ರಿಯ ರೈಲು ತಪ್ಪಿಸಿಕೊಂಡರು, ಟಿಕೆಟ್ ದುಡ್ಡೂ ಹೋಯಿತು. ಹೋದ ಬಾರಿ ಹೀಗಿರಲಿಲ್ಲ ಅಂತ ಅವರ ವಾದ. ಅದಕ್ಕೇ ವಿಸರ್ಜನೆಗೆ ಬರುವವರು ವಾಪಸ್ ಟಿಕೆಟ್ ಮರುದಿನಕ್ಕೆ ಮಾಡಿಸಬೇಡಿ, ಒಂದು ದಿನ ಬಿಟ್ಟು ಮಾಡಿಸಿ.

ಅಂದಹಾಗೆ ಉಳಿದ ಮೂರು ಕಾಯಿ ಏನಾದವು?

ನವನಗರದ ಸೊಸೆ

ಕಾಕಾ, ಒಂದನ್ನು ಓಣಿ ಗಣಪತಿ ಕಳಿಸುವಾಗ ಒಡೆದರು. ಇನ್ನೊಂದು ನಾನು ಗೊತ್ತಿಲ್ಲದೇ ಚಟ್ನಿಗೆ ತುರಿದುಬಿಟ್ಟೆ. ಅರ್ಧ ತುರಿದ ಮೇಲೆ ಜುಟ್ಟು ನೋಡಿ ಎದೆ ಧಸಕ್ಕೆಂದಿತು. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಏನೂ ಅನ್ನಲಿಲ್ಲ, ಚಟ್ನಿ ಎರಡು ಸಲ ಹಾಕಿಸಿಕೊಂಡರು.

ಮೂರನೆಯದನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಯಾಕೆ ಅಂತ ಕೇಳಿದರೆ "ಅವನ ಮುಖ ಸರಿಯಾಗಿ ನೋಡಿಲ್ಲ ನಾನು" ಅಂತಾರೆ. ಮುಂದಿನ ವರ್ಷ ಚತುರ್ಥಿ ಸೆಪ್ಟೆಂಬರ್ 14, ಸೋಮವಾರ. ಮರುದಿನ ಹತ್ತಿದರೆ ಬುಕ್ಕಿಂಗ್ ಜುಲೈ 17ಕ್ಕೆ ಓಪನ್ ಆಗುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದಾರೆ. ಬಜೆಟ್ ಏಳು ಸಾವಿರ, ಚಿವಡಾ ಸೇರಿ.

ಕರದಂಟು

ನಮ್ಮದೂ ನಾಲ್ಕು ಟಿಕೆಟ್ ಹಿಡಿದುಕೊಳ್ಳಿ ಅಕ್ಕಾರೆ. ಮನೆಯವಳು ಒಪ್ಪಿದ್ದಾಳೆ, ಬ್ಯಾಡಗಿ ಮೆಣಸಿನಕಾಯಿ ರೇಟು ಕೇಳಿ ಬರಬೇಕಂತೆ.